ಹೆಪ್ಪುಗಟ್ಟದ ನೆತ್ತರಿನ ಒಗಟು

ನರಗುಂದ, ರೋಣದ ಎರೆಭೂಮಿ ಬೇಸಿಗೆಯಲ್ಲಿ ಬಿರಿದಾಗ ಆ ಬಿರುಕುಗಳು ಇಲಿಗೂ ಹಾವಿಗೂ ಆಸರೆಯಾಗುತ್ತವೆ. ಇಲಿಯ ಬೆನ್ನುಹತ್ತಿ ಬೆಳೆಯೊಳಗೆ ಬರುವುದು ಕೊಳಕುಮಂಡಲ. ಗಜೇಂದ್ರಗಡದ ಗುಡ್ಡಗಳಂಥ ಕಲ್ಲುನೆಲ ಗರಗಸ ಮಂಡಲಕ್ಕೆ ಒಗ್ಗುವಂಥದು. ಈ ಎರಡರಲ್ಲಿ ಯಾವುದು ಕಚ್ಚಿದರೂ ಗಾಯದಿಂದ, ಒಸಡಿನಿಂದ ನೆತ್ತರು ಜಿನುಗುತ್ತಲೇ ಇರಬಹುದು. ವಿಷವು ರಕ್ತವನ್ನು ನೀರು ಮಾಡಿತೆಂದು ತೋರುತ್ತದೆ. ನಿಜದಲ್ಲಿ ಮೊದಲು ನಡೆಯುವುದು ಅದಕ್ಕೆ ವಿರುದ್ಧವಾದ ಕ್ರಿಯೆ.

ಹೆಪ್ಪುಗಟ್ಟಿಸುವ ಅಂಶಗಳು ರಕ್ತದಲ್ಲಿ ಸುಪ್ತವಾಗಿದ್ದು, ಗಾಯವಾದಾಗ ಒಂದನ್ನೊಂದು ಎಬ್ಬಿಸುತ್ತವೆ. ಕೊಳಕುಮಂಡಲದ ಕಿಣ್ವಗಳು ಐದನೆಯ ಮತ್ತು ಹತ್ತನೆಯ ಅಂಶಗಳನ್ನೂ, ಗರಗಸ ಮಂಡಲದ ಕಿಣ್ವವು ಪ್ರೋತ್ರಾಂಬಿನ್ನನ್ನೂ ನೇರವಾಗಿ ಕೆರಳಿಸುತ್ತವೆ. ಹೆಪ್ಪಿಗೆ ಬೇಕಾದ ಫೈಬ್ರಿನೋಜನ್ ವ್ಯರ್ಥವಾಗಿ ಖರ್ಚಾಗುತ್ತದೆ. ಉಗ್ರಾಣ ಬರಿದಾದ ಮೇಲೆ ಗಾಯ ಮುಚ್ಚಲು ಏನೂ ಉಳಿಯದು. ಆಸ್ಪತ್ರೆಯಲ್ಲಿ ರೋಗಿಯ ರಕ್ತವನ್ನು ಗಾಜಿನ ನಳಿಕೆಯಲ್ಲಿ 20 ನಿಮಿಷ ಅಲುಗಿಸದೆ ಇಟ್ಟು ನೋಡುವುದು ಇದನ್ನು ತಿಳಿಯಲೆಂದೇ.

ಕೊಳಕುಮಂಡಲಕ್ಕೆ ಇಂಗ್ಲಿಷಿನಲ್ಲಿರುವುದು ಪ್ಯಾಟ್ರಿಕ್ ರಸೆಲ್ ಅವರ ಹೆಸರು. ಈಸ್ಟ್ ಇಂಡಿಯಾ ಕಂಪೆನಿಯ ಸೇವೆಯಲ್ಲಿದ್ದ ಈ ವೈದ್ಯರು ಕೋರಮಂಡಲ ತೀರದ ಹಾವುಗಳ ಗ್ರಂಥವನ್ನು 1796ರಲ್ಲಿ ಪ್ರಕಟಿಸಿದರು. 1934ರಲ್ಲಿ ಲಂಡನ್ನಿನ ಮ್ಯಾಕ್‌ಫರ್ಲೇನ್ ಮತ್ತು ಬಾರ್ನೆಟ್, ಬಹಳ ತೆಳುಗೊಳಿಸಿದ ಇದೇ ಹಾವಿನ ವಿಷವನ್ನು ಹಿಮೋಫಿಲಿಯಾ ರೋಗಿಗಳ ಗಾಯಕ್ಕೆ ಹಚ್ಚಿ ರಕ್ತಸ್ರಾವ ತಡೆಯಬಹುದೆಂದು ತೋರಿಸಿದರು. ಕೊಲ್ಲುವ ಕಿಣ್ವವೇ ಹೀಗೆ ಔಷಧವಾಯಿತು. ಹೆಪ್ಪುಗಟ್ಟುವಿಕೆಯ ದೋಷಗಳನ್ನು ಗುರುತಿಸುವ ಪರೀಕ್ಷೆಯಲ್ಲಿ ಅದು ಇಂದಿಗೂ ಬಳಕೆಯಲ್ಲಿದೆ.

ಗರಗಸ ಮಂಡಲ ಕಚ್ಚಿದ ಜಾಗ ಕೊಳೆಯುವುದೇಕೆ ಎಂಬ ಪ್ರಶ್ನೆಗೆ ಮೈಸೂರಿನಿಂದ ಒಂದು ಉತ್ತರ ಬಂತು. ಮೈಸೂರು ವಿಶ್ವವಿದ್ಯಾನಿಲಯದ ಕೆ. ಕೆಂಪರಾಜು ಮತ್ತು ಸಂಗಡಿಗರು 2016ರಲ್ಲಿ 'ನೇಚರ್ ಕಮ್ಯುನಿಕೇಷನ್ಸ್' ಪತ್ರಿಕೆಯಲ್ಲಿ ತಮ್ಮ ಶೋಧವನ್ನು ಪ್ರಕಟಿಸಿದರು. ದೇಹವನ್ನು ಕಾಯುವ ನ್ಯೂಟ್ರೋಫಿಲ್ ಎಂಬ ಬಿಳಿ ರಕ್ತಕಣಗಳು ವಿಷ ಹೊಕ್ಕೆಡೆ ತಮ್ಮ ಡಿಎನ್‌ಎಯನ್ನೇ ಬಲೆಯಾಗಿ ಬೀಸುತ್ತವೆ. ಅವುಗಳ ಕಿಣ್ವಗಳೂ ಆ ಬಲೆಗೆ ಅಂಟಿರುತ್ತವೆ. ಬಲೆ ರಕ್ತನಾಳಗಳನ್ನು ಮುಚ್ಚುವುದರಿಂದ ವಿಷ ಅಲ್ಲೇ ನಿಂತು ಮಾಂಸವನ್ನು ಹಾಳುಮಾಡುತ್ತದೆ. ಬಲೆಯನ್ನು ತುಂಡರಿಸುವ ಡಿಎನ್‌ಏಸ್ ಎಂಬ ಕಿಣ್ವ ಕೊಟ್ಟಾಗ ಸುಂಡಿಲಿಗಳ ಬಾಲ ಕೊಳೆಯದೆ ಉಳಿಯಿತು. ಇದು ಸುಂಡಿಲಿಗಳ ಮೇಲಿನ ಪ್ರಯೋಗ. ಕಚ್ಚಿಸಿಕೊಂಡ ಮನುಷ್ಯನಿಗೆ ಆಧಾರ ಆಸ್ಪತ್ರೆಯ ಪ್ರತಿವಿಷವೇ.

ಹಗ್ಗ ಬಿಗಿದರೆ ಕೈಕಾಲಿಗೆ ರಕ್ತ ಹರಿಯದೆ ಹಾನಿ ಹೆಚ್ಚುತ್ತದೆ; ಗಾಯ ಕೊಯ್ದರೆ ಹೆಪ್ಪುಗಟ್ಟದ ನೆತ್ತರು ನಿಲ್ಲದು. ಪ್ರತಿವಿಷ ಕೊಟ್ಟ ಮೇಲೂ ಬರಿದಾದ ಉಗ್ರಾಣವನ್ನು ಯಕೃತ್ತು ಮತ್ತೆ ತುಂಬಲು ಹಲವು ತಾಸು ಬೇಕು. ಹಾವು ಕಡಿತವನ್ನು ಕಡ್ಡಾಯವಾಗಿ ವರದಿ ಮಾಡಬೇಕೆಂದು ಕರ್ನಾಟಕ ಸರ್ಕಾರ 2024ರಲ್ಲಿ ಅಧಿಸೂಚಿಸಿತು. ಆದರೆ ಲೆಕ್ಕ ಶುರುವಾಗುವುದು ಆಸ್ಪತ್ರೆಯ ಬಾಗಿಲಲ್ಲಿ. ಜೀವ ಉಳಿಯುವುದು ಹೊಲದಿಂದ ಆ ಬಾಗಿಲಿಗೆ ಎಷ್ಟು ಬೇಗ ತಲುಪಿದರು ಎಂಬುದರಲ್ಲಿ.