ಇಂಗ್ಲಿಶ್‌ನ ಅಲ್ಪವಿರಾಮ ಬರೀ ಉಸಿರು ತೆಗೆದುಕೊಳ್ಳುವ ಜಾಗವೇ?

"ಓದುವಾಗ ಉಸಿರು ತೆಗೆದುಕೊಳ್ಳಲು ಹಾಕುವ ಗುರುತೇ ಅಲ್ಪವಿರಾಮ" ಎಂದು ನಮ್ಮಲ್ಲಿ ಬಹಳಷ್ಟು ಜನ ಶಾಲೆಯಲ್ಲಿ ಕೇಳಿರುತ್ತೇವೆ. ಕನ್ನಡದಲ್ಲಿ ಇದನ್ನು ನಂಬಿದರೆ ದೊಡ್ಡ ತೊಂದರೆಯೇನಿಲ್ಲ. ಇಂಗ್ಲಿಶ್‌ನಲ್ಲಿ ಹಾಗಲ್ಲ, ಆ ಚುಕ್ಕೆಬಾಲ ಸತ್ಯವನ್ನು ಸುಳ್ಳು ಮಾಡಿಬಿಡಬಹುದು.

ಇಳಕಲ್‌ನ ಸೀರೆ ವ್ಯಾಪಾರಿಯೊಬ್ಬರು ಇನ್‌ಸ್ಟಾಗ್ರಾಮ್‌ಗೆ ಹೀಗೆ ಬರೆಯುತ್ತಾರೆ ಎಂದುಕೊಳ್ಳಿ:

"ಇಳಕಲ್ ಸ್ಯಾರೀಸ್ ದಟ್ ಆರ್ ಮೇಡ್ ಆಫ್ ಪ್ಯೂರ್ ಸಿಲ್ಕ್ ಆರ್ ಕಾಸ್ಟ್ಲಿ."

ಇಲ್ಲಿ ಮಾತು ಶುದ್ಧ ರೇಷ್ಮೆಯ ಇಳಕಲ್ ಸೀರೆಗಳದ್ದು ಮಾತ್ರ. ಈಗ ಇದನ್ನು ನೋಡಿ:

"ಇಳಕಲ್ ಸ್ಯಾರೀಸ್, ವಿಚ್ ಆರ್ ಮೇಡ್ ಆಫ್ ಪ್ಯೂರ್ ಸಿಲ್ಕ್, ಆರ್ ಕಾಸ್ಟ್ಲಿ."

ಈ ವಾಕ್ಯ ಇಳಕಲ್ ಸೀರೆಗಳೆಲ್ಲವೂ ಶುದ್ಧ ರೇಷ್ಮೆಯವೇ ಎನ್ನುತ್ತದೆ. ಅದು ನಿಜವಲ್ಲ. ಹತ್ತಿಯ ಮೈಗೆ ರೇಷ್ಮೆಯ ಸೆರಗನ್ನು ಕೊಂಡಿ ಹಾಕಿ ಜೋಡಿಸಿದ ಸೀರೆಗಳಿವೆ, ಆರ್ಟ್ ಸಿಲ್ಕಿನವೂ ಇವೆ. ದೂರದ ಊರಿನಲ್ಲಿ ಕೂತು ಆ ಸಾಲನ್ನು ಓದಿ ಹಣ ಕಳಿಸಿದವರು ಆಮೇಲೆ ಜಗಳಕ್ಕೆ ಬಂದರೆ ತಪ್ಪು ಅವರದಲ್ಲ.

ಹೂ, ವಿಚ್, ದಟ್ ಇವು ಸಂಬಂಧ ಸೂಚಕ ಸರ್ವನಾಮಗಳು. ಹಿಂದೆ ಬಂದ ನಾಮಪದಕ್ಕೆ ಒಂದು ವಿವರಣೆಯನ್ನು ಕಟ್ಟುವುದು ಇವುಗಳ ಕೆಲಸ. ಯಾರು ಅಥವಾ ಯಾವುದು ಎಂದು ಗುರುತಿಸಲು ಆ ವಿವರಣೆ ಬೇಕೇ ಬೇಕು ಎಂದಾದರೆ ಅಲ್ಪವಿರಾಮ ಹಾಕಬಾರದು. ಗುರುತು ಮೊದಲೇ ಸಿಕ್ಕಿದೆ, ಇದು ಹೆಚ್ಚಿನ ಮಾಹಿತಿ ಅಷ್ಟೇ ಎಂದಾದರೆ ಎರಡೂ ಬದಿಗೆ ಹಾಕಬೇಕು. ಅಲ್ಪವಿರಾಮವಿಲ್ಲದ ಕಡೆ 'ವಿಚ್' ಬರೆದರೆ ತಪ್ಪು ಎಂದು ಕೆಲವು ಗೈಡುಗಳು ಹೇಳುತ್ತವೆ. 'ದಟ್' ಮತ್ತು 'ವಿಚ್'ಗಳನ್ನು ಹೀಗೆ ಬೇರೆಬೇರೆ ಕೆಲಸಕ್ಕೆ ಇಟ್ಟುಕೊಂಡರೆ ಒಳ್ಳೆಯದು ಎಂದು ಫೌಲರ್ ಎಂಬ ಇಂಗ್ಲಿಶ್ ಪಂಡಿತರು 1926ರಲ್ಲಿ ಬಂದ ತಮ್ಮ ಪುಸ್ತಕದಲ್ಲಿ ಸಲಹೆ ಕೊಟ್ಟಿದ್ದರು. ಅಮೆರಿಕದವರು ಅದನ್ನು ಹೆಚ್ಚು ಪಾಲಿಸುತ್ತಾರೆ, ಬ್ರಿಟನ್ನಿನಲ್ಲಿ ಎರಡೂ ನಡೆಯುತ್ತದೆ. ಹಾಗಾಗಿ ಆ ನಿಯಮಕ್ಕೆ ಹೆದರಬೇಕಿಲ್ಲ. ಅಲ್ಪವಿರಾಮದ ವಿಷಯದಲ್ಲಿ ಮಾತ್ರ ಹುಷಾರಾಗಿರಬೇಕು.

ಕನ್ನಡಿಗರು ಇಲ್ಲಿ ಎಡವುವುದು ದಡ್ಡತನದಿಂದಲ್ಲ. ನಮ್ಮ ಭಾಷೆಯಲ್ಲಿ ವಿವರಣೆ ನಾಮಪದಕ್ಕಿಂತ ಮೊದಲೇ ಬಂದು ಕೂರುತ್ತದೆ. "ಬಾಗಲಕೋಟೆಗೆ ಹೋದ ಬಸ್ಸು" ಎನ್ನುವಾಗ 'ಹೋದ' ಒಂದೇ ಪದ ಇಂಗ್ಲಿಶ್‌ನ 'ದಟ್ ವೆಂಟ್' ಮಾಡುವ ಕೆಲಸವನ್ನೆಲ್ಲ ಮಾಡುತ್ತದೆ. ಆದರೆ "ದಣಿದ ನೇಕಾರರು ಮನೆಗೆ ಹೋದರು" ಎಂದರೆ ಎಲ್ಲರೂ ದಣಿದಿದ್ದರೋ, ದಣಿದವರಷ್ಟೇ ಹೋದರೋ? ಸಂದರ್ಭ ನೋಡಿಯೇ ತಿಳಿಯಬೇಕು. ಇಂಗ್ಲಿಶ್ ಬರಹದಲ್ಲಿ ಆ ವ್ಯತ್ಯಾಸವನ್ನು ಅಲ್ಪವಿರಾಮ ತೋರಿಸುತ್ತದೆ.

ವಿವರಣೆ ಕೂರುವ ಜಾಗವೂ ಅಷ್ಟೇ ಮುಖ್ಯ. ಹುನಗುಂದ ತಾಲ್ಲೂಕಿನ ಐಹೊಳೆಯ ಮೇಗುತಿ ಗುಡಿಯಲ್ಲಿ ಕ್ರಿ.ಶ. 634ರ ಶಾಸನವಿದೆ. ಬಾದಾಮಿಯ ದೊರೆ ಇಮ್ಮಡಿ ಪುಲಕೇಶಿಯನ್ನು ಹೊಗಳಿ ರವಿಕೀರ್ತಿ ಬರೆದದ್ದು, ಹರ್ಷನನ್ನು ಸೋಲಿಸಿದ ಸಂಗತಿಯೂ ಅದರಲ್ಲಿದೆ. ಇದನ್ನು "ರವಿಕೀರ್ತಿ ಪ್ರೇಸ್ಡ್ ದಿ ಕಿಂಗ್ ಇನ್ ಆ್ಯನ್ ಇನ್‌ಸ್ಕ್ರಿಪ್ಶನ್, ಹೂ ಡಿಫೀಟೆಡ್ ಹರ್ಷ" ಎಂದು ಬರೆದರೆ ಹರ್ಷನನ್ನು ಸೋಲಿಸಿದ್ದು ಶಾಸನ ಎಂದಾಗುತ್ತದೆ! 'ಹೂ' ತನ್ನ ದೊರೆಯ ಪಕ್ಕದಲ್ಲೇ ಇರಬೇಕು. "ಕಾರ್ವ್ಡ್ ಇನ್ 634, ಟೂರಿಸ್ಟ್ಸ್ ಕ್ಯಾನ್ ಸೀ ದಿ ಇನ್‌ಸ್ಕ್ರಿಪ್ಶನ್ ಹಿಯರ್" ಎಂಬುದು ಇನ್ನೂ ತಮಾಷೆ. ಇಲ್ಲಿ 634ರಲ್ಲಿ ಕೆತ್ತಿದ್ದು ಪ್ರವಾಸಿಗರನ್ನು. "634ರಲ್ಲಿ ಕೆತ್ತಿದ ಶಾಸನವನ್ನು ಪ್ರವಾಸಿಗರು ಇಲ್ಲಿ ನೋಡಬಹುದು" ಎಂಬ ಕನ್ನಡ ವಾಕ್ಯದಲ್ಲಿ ಈ ಎಡವಟ್ಟು ಆಗುವುದಿಲ್ಲ, ಏಕೆಂದರೆ 'ಕೆತ್ತಿದ' ಎಂಬುದು ಶಾಸನಕ್ಕೆ ಅಂಟಿಕೊಂಡೇ ಇದೆ.

ಶಾಸನದ ತಪ್ಪಿಗೆ ನಕ್ಕು ಸುಮ್ಮನಾಗಬಹುದು, ಔಷಧಿಯ ವಿಷಯದಲ್ಲಿ ಹಾಗಾಗದು. "ಪೀಪಲ್ ಹೂ ಹ್ಯಾವ್ ಕಿಡ್ನಿ ಡಿಸೀಸ್ ಶುಡ್ ಅವಾಯ್ಡ್ ಐಬುಪ್ರೊಫೆನ್" ಎಂಬ ಎಚ್ಚರಿಕೆ ಸರಿಯಾದದ್ದೇ. ಮೂತ್ರಪಿಂಡದ ಕಾಯಿಲೆ ಇರುವವರು ವೈದ್ಯರನ್ನು ಕೇಳದೆ ಈ ನೋವಿನ ಗುಳಿಗೆ ನುಂಗಬಾರದು. ಫಾರ್ವರ್ಡ್ ಮಾಡುವ ಭರದಲ್ಲಿ 'ಹೂ'ನಿಂದ 'ಡಿಸೀಸ್'ವರೆಗಿನ ಭಾಗ ಬಿಟ್ಟುಹೋದರೆ ಉಳಿಯುವುದು "ಜನ ಐಬುಪ್ರೊಫೆನ್ ತೆಗೆದುಕೊಳ್ಳಬಾರದು" ಎಂಬ ಹೆದರಿಕೆ. ಗುಂಪಿನಲ್ಲಿ ಇಂಥದ್ದು ಬಂದಾಗ ಮೂಲ ಇಂಗ್ಲಿಶ್ ವಾಕ್ಯ ಹುಡುಕಿ, 'ಹೂ' ಅಥವಾ 'ವಿಚ್' ಯಾರ ಪಕ್ಕದಲ್ಲಿದೆ, ಅಲ್ಪವಿರಾಮ ಇದೆಯೇ ಎಂದು ನೋಡಿ. ಅರ್ಧ ನಿಮಿಷದ ಕೆಲಸ.

'ಓನ್ಲಿ' ಪದದ ಜಾಗವನ್ನೂ ಗಮನಿಸಿ. "ಟೇಕ್ ದಿ ಟ್ಯಾಬ್ಲೆಟ್ ಓನ್ಲಿ ಆಫ್ಟರ್ ಫುಡ್" ಎಂದರೆ ಊಟ ಆದ ಮೇಲೆಯೇ ಗುಳಿಗೆ, ಖಾಲಿ ಹೊಟ್ಟೆಯಲ್ಲಿ ಬೇಡ. "ಟೇಕ್ ಓನ್ಲಿ ದಿ ಟ್ಯಾಬ್ಲೆಟ್ ಆಫ್ಟರ್ ಫುಡ್" ಎಂದರೆ ಊಟದ ನಂತರ ಗುಳಿಗೆಯೊಂದೇ, ಜೊತೆಗೆ ಕೊಟ್ಟ ಸಿರಪ್ ಆಗ ಬೇಡ.