ಬೆಕ್ಕಿಗೆ ಕಂಟಕವಾಗುವ ಬೇಲಿಯ ಗಿಡಗಳು

ಸವದತ್ತಿ ಯಲ್ಲಮ್ಮನ ಗುಡ್ಡದ ಸಮೀಪದ ಉಗರಗೋಳದಂಥ ಊರುಗಳಲ್ಲಿ ಬೆಕ್ಕು ಮನೆಯದೂ ಹೌದು, ಓಣಿಯದೂ ಹೌದು. ಕಾಳಿನ ಚೀಲಗಳಿಗೆ ಇಲಿ ಬೀಳದಂತೆ ಕಾಯುವ ಈ ಪ್ರಾಣಿಯನ್ನು ಯಾರೂ ಕಟ್ಟಿಹಾಕುವುದಿಲ್ಲ. ಆದರೆ ಅದು ಅಲೆಯುವ ಹಿತ್ತಲು, ಹೊಲದ ಬದು, ಬೇಲಿಗಳಲ್ಲಿ ಬೆಳೆಯುವ ಕೆಲವು ಗಿಡಗಳು ಅದರ ಪ್ರಾಣಕ್ಕೆ ಎರವಾಗಬಲ್ಲವು.

ಬೆಕ್ಕು ಮಾಂಸಾಹಾರಿ. ಆದರೂ ಆಗಾಗ ಹುಲ್ಲು, ಎಲೆ ಜಗಿಯುವುದುಂಟು. ಮೈಗಂಟಿದ ಪರಾಗ, ಹಾಲುರಸವನ್ನು ಅದು ನೆಕ್ಕಿಯೇ ಶುಚಿ ಮಾಡಿಕೊಳ್ಳುತ್ತದೆ. ಅಪಾಯ ಹೆಚ್ಚುವುದು ಇಲ್ಲಿಯೇ. ಮೇಲಾಗಿ, ಹಲವು ರಾಸಾಯನಿಕಗಳನ್ನು ನಿರ್ವಿಷಗೊಳಿಸುವ ಕಿಣ್ವಗಳು ಅದರ ಯಕೃತ್ತಿನಲ್ಲಿ ಕಡಿಮೆ. ನಮ್ಮ ಜ್ವರದ ಪ್ಯಾರಾಸಿಟಮಾಲ್ ಮಾತ್ರೆ ಬೆಕ್ಕಿಗೆ ಮಾರಕವಾಗುವುದೂ ಇದರಿಂದಲೇ.

ದೇವರ ಪೂಜೆಗೆಂದು ಹಿತ್ತಲಲ್ಲಿ ಬೆಳೆಸುವ, ಹೆದ್ದಾರಿಯ ವಿಭಜಕಗಳಲ್ಲೂ ನೆಡುವ ಕಣಗಿಲೆಯ ಎಲೆ, ಹೂವು, ಕಾಂಡ, ಬೇರು ಎಲ್ಲವೂ ವಿಷಕಾರಿ. ಅದರಲ್ಲಿನ ಒಲಿಯಾಂಡ್ರಿನ್ ಹೃದಯದ ಬಡಿತವನ್ನು ಏರುಪೇರು ಮಾಡುತ್ತದೆ. ಎಲೆ ಒಣಗಿದರೂ ವಿಷ ಉಳಿಯುತ್ತದೆ. ಹಳದಿ ಕಣಗಿಲೆಯೂ ಇದೇ ಜಾತಿಯ ಅಪಾಯ. ಹನುಮಂತನಿಗೆ ಮಾಲೆಯಾಗುವ ಎಕ್ಕದ ಹಾಲು ಕಣ್ಣಿಗೆ ತಗುಲಿದರೆ ತೀವ್ರ ಉರಿ, ಊತ ಉಂಟಾಗುತ್ತದೆ. ಔಡಲದ ಬೀಜದ ರೈಸಿನ್, ಗುಲಗಂಜಿಯ ಏಬ್ರಿನ್ ಅತ್ಯುಗ್ರ ವಿಷಗಳಾದರೂ ಬೀಜ ಒಡೆದರೆ ಅಥವಾ ಜಗಿದರೆ ಮಾತ್ರ ಅಪಾಯ ಹೆಚ್ಚು. ಮದಗುಣಕಿ ತಿಂದ ಪ್ರಾಣಿಯ ಕಣ್ಣಪಾಪೆ ಹಿಗ್ಗಿ, ಅದು ದಿಕ್ಕೆಟ್ಟಂತೆ ವರ್ತಿಸುತ್ತದೆ.

ವಿಚಿತ್ರವೆಂದರೆ, ಬೆಕ್ಕಿನ ಪಾಲಿಗೆ ಅತಿ ಕ್ರೂರವಾದ ಗಿಡ ಹಳ್ಳಿಯ ಬೇಲಿಯಲ್ಲಿಲ್ಲ, ನಗರದ ಹೂಗುಚ್ಛದಲ್ಲಿದೆ. ಅದು ಲಿಲ್ಲಿ. ಒಂದೆರಡು ಎಸಳು, ತುಪ್ಪಳದ ಮೇಲೆ ಬಿದ್ದ ಪರಾಗ, ಹೂದಾನಿಯ ನೀರು ಸಹ ಮೂತ್ರಪಿಂಡಗಳನ್ನು ಒಂದರಿಂದ ಮೂರು ದಿನಗಳಲ್ಲಿ ಕೆಡಿಸಬಲ್ಲವು. ನಾಯಿಗಳಿಗೆ ಈ ಬಗೆಯ ಹಾನಿ ಕಂಡುಬಂದಿಲ್ಲ. ಮೊದಲು ವಾಂತಿ, ಮಂಕು. ನಡುವೆ ಬೆಕ್ಕು ಚೇತರಿಸಿಕೊಂಡಂತೆ ತೋರುವುದೂ ಉಂಟು. ಅದನ್ನು ನಂಬಿ ಕಾದರೆ ಕೆಟ್ಟಿತು. 18 ಗಂಟೆಗಳೊಳಗೆ ರಕ್ತನಾಳದ ಮೂಲಕ ದ್ರವ ನೀಡಲಾರಂಭಿಸಿದರೆ ಬದುಕುವ ಸಾಧ್ಯತೆ ಹೆಚ್ಚು. ನಮ್ಮ ಬೇಲಿಗಳಲ್ಲಿ ಹಬ್ಬುವ ಅಗ್ನಿಶಿಖೆಯನ್ನು ಲಿಲ್ಲಿಯೆಂದು ಕರೆಯುವುದುಂಟು. ಅದು ನಿಜವಾದ ಲಿಲ್ಲಿಯಲ್ಲ. ಆದರೆ ಗೆಡ್ಡೆಯಲ್ಲಿನ ಕೊಲ್ಚಿಸಿನ್ ಅಷ್ಟೇ ಮಾರಕ.

ಜೊಲ್ಲು ಸುರಿಸುವುದು, ವಾಂತಿ, ತೂರಾಡುವುದು, ಮೂತ್ರ ಕಟ್ಟುವುದು ಕಂಡೊಡನೆ ಪಶುವೈದ್ಯರ ಬಳಿಗೆ ಒಯ್ಯಬೇಕು. ಉಪ್ಪುನೀರು ಕುಡಿಸಿ ವಾಂತಿ ಮಾಡಿಸುವ ಮನೆಮದ್ದು ಬೇಡ. ಅದೇ ಇನ್ನೊಂದು ವಿಷವಾದೀತು. ಹಾಲೂ ಮದ್ದಲ್ಲ. ಜಗಿದ ಗಿಡದ ಒಂದು ರೆಂಬೆಯನ್ನು ಜೊತೆಗೆ ಕೊಂಡೊಯ್ದರೆ ವೈದ್ಯರಿಗೆ ವಿಷದ ಗುರುತು ಬೇಗ ಸಿಗುತ್ತದೆ.