ಮುಂಡಗೋಡದ ವಾದಾಂಗಣ

ಮಾತಿನಿಂದ ಮನಸ್ಸನ್ನು ತಿದ್ದುವ ಪದ್ಧತಿಯೊಂದನ್ನು 1970ರ ದಶಕದಲ್ಲಿ ಕ್ಯಾಲಿಫೋರ್ನಿಯದ ಬ್ಯಾಂಡ್ಲರ್ ಮತ್ತು ಗ್ರೈಂಡರ್ ರೂಪಿಸಿ, ಅದಕ್ಕೆ ನ್ಯೂರೋ-ಲಿಂಗ್ವಿಸ್ಟಿಕ್ ಪ್ರೋಗ್ರಾಮಿಂಗ್ ಎಂದು ಹೆಸರಿಡುವುದಕ್ಕೆ ಮುನ್ನವೇ, ಅದಕ್ಕಿಂತ ಬಹು ಪುರಾತನವೂ ಕಠಿನತರವೂ ಆದ ವಾದಶಿಕ್ಷಣವೊಂದು ನಮ್ಮ ಉತ್ತರ ಕನ್ನಡದ ಮುಂಡಗೋಡದಲ್ಲಿ ನೆಲೆಯೂರಿತ್ತು. 1959ರಲ್ಲಿ ಸ್ವದೇಶವನ್ನು ತೊರೆದು, ಬಂಗಾಳದ ಬಕ್ಸಾದ ಹಳೆಯ ಸೆರೆಮನೆಯಲ್ಲಿ ವ್ಯಾಧಿಗಳ ನಡುವೆಯೂ ಅಧ್ಯಯನವನ್ನು ಬಿಡದಿದ್ದ ಟಿಬೆಟ್ಟಿನ ಭಿಕ್ಷುಗಳು, 1966ರಲ್ಲಿ ಇಲ್ಲಿ ಸ್ಥಾಪಿತವಾಗಿದ್ದ ನಿರಾಶ್ರಿತರ ನೆಲೆಗೆ 1969ರ ಸುಮಾರಿಗೆ ಬಂದು, ತಮ್ಮ ನಾಡಿನ 1409ರ ಗಾಂದೆನ್, 1416ರ ದ್ರೆಪುಂಗ್ ವಿಹಾರಗಳನ್ನು ಕಾಡು ಕಡಿದ ನೆಲದಲ್ಲಿ ಪುನಃ ಪ್ರತಿಷ್ಠಾಪಿಸಿದರು.

ಅಲ್ಲಿಯ ವಾದಾಂಗಣದಲ್ಲಿ ಪ್ರಶ್ನಿಸುವವನು ನಿಂತು, ಕೈತಟ್ಟಿ, ಕಾಲನ್ನಪ್ಪಳಿಸಿ ಕೇಳುತ್ತಾನೆ. ಕುಳಿತ ಪ್ರತಿವಾದಿಯಾದರೋ ‘ಒಪ್ಪಿದೆ’, ‘ಏಕೆ?’, ‘ಹೇತು ಅಸಿದ್ಧ’ (ಕೊಟ್ಟ ಕಾರಣವೇ ನಿಲ್ಲದು), ‘ವ್ಯಾಪ್ತಿಯಿಲ್ಲ’ (ಆ ಕಾರಣದಿಂದ ಆ ನಿರ್ಣಯ ಬರದು) ಎಂಬಂಥ ಕೆಲವೇ ನಿಯತ ಉತ್ತರಗಳಲ್ಲಿ ಒಂದನ್ನು ತಡವಿಲ್ಲದೆ ಆಯ್ದು ಹೇಳಬೇಕು. ಭಾರತದ ಬೌದ್ಧ ತಾರ್ಕಿಕರಾದ ದಿಙ್ನಾಗ ಧರ್ಮಕೀರ್ತಿಗಳ ಪ್ರಮಾಣಶಾಸ್ತ್ರವು, ಹುಟ್ಟಿದ ನಾಡಿನಲ್ಲಿ ಮಸುಕಾದ ಮೇಲೆ ಹಿಮಾಲಯದಾಚೆ ಶತಮಾನಗಳ ಕಾಲ ಬಾಳಿ, ಹೀಗೆ ಮರಳಿ ಬಂದುದನ್ನು ನೆನೆದಾಗ ನನ್ನ ಹೃದಯ ತುಂಬಿಬರುತ್ತದೆ. ತನ್ನ ಭ್ರಾಂತಿಯನ್ನು ತಾನೇ ಕಂಡು ಕಳೆಯುವುದೇ ಈ ವಾದದ ಗುರಿ.

ಕ್ಯಾಲಿಫೋರ್ನಿಯದ ಪದ್ಧತಿಗೆ ಸಂಶೋಧನೆಯ ಆಧಾರ ಇಂದಿಗೂ ದುರ್ಬಲವೇ. ಮುಂಡಗೋಡದ ವಿದ್ಯೆಯನ್ನಾದರೋ ವಿಜ್ಞಾನಿಗಳೇ ಅರಸಿ ಬಂದರು: 2013ರ ಜನವರಿಯಲ್ಲಿ, ದಲೈ ಲಾಮಾ ಅವರ ಸಮ್ಮುಖದಲ್ಲಿ, ದ್ರೆಪುಂಗಿನಲ್ಲಿ ಆ ವಿಜ್ಞಾನಿಗಳು ಭಿಕ್ಷುಗಳೊಡನೆ ಮನಸ್ಸು, ಮೆದುಳುಗಳನ್ನು ಕುರಿತು ಆರು ದಿನ ಚರ್ಚಿಸಿದರು.